ಮನೆಯಳಿಯನ ಮಣ್ಣು

ನಮ್ಮ ಭಾವ ನೆಡ್ಸನ್ ಎರಡು ವಾರದ ಬೇಸಾಯದ ತರಬೇತಿ ಮುಗಿಸಿ ರಾಜಧಾನಿ ಲಿಲೋಂಗ್ವೆ ಕಡೆಯಿಂದ ವಾಪಸ್ಸು ಬಂದಾಗ, ಏನೋ ದೊಡ್ಡದು ತಂದಿರಬೇಕು ಅಂತ ಕೇರಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದರು. ಸೈಕಲ್ಲಿಗೆ ಕಟ್ಟಿದ್ದ ಚೀಲ ಬಿಚ್ಚಿದ. ಒಳಗಿದ್ದದ್ದು ಮೂರು ಕೋಲು, ಒಂದು ಹುರಿ, ಮುಷ್ಟಿ ಗಾತ್ರದ ಕಲ್ಲು, ಕಾಲುಚೀಲದಲ್ಲಿ ಗಂಟು ಹಾಕಿದ ನಾಲ್ಕಾರು ಥರದ ಬೀಜ.

ದೊಡ್ಡಕ್ಕ ಮೆರಿಫಾ ಕಲ್ಲನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡ್ರಮ್ಮಾ, ನಮ್ಮ ಮುಲಾಂಜೆ ಬೆಟ್ಟದಲ್ಲಿ ಕಲ್ಲು ಮುಗಿದುಹೋಗಿತ್ತು. ಪಾಪ, ನಮ್ಮನೆ ಅಳಿಯ ಬಸ್ಸು ಹತ್ತಿ ಹೋಗಿ ತಂದಿದಾನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಹೆಂಡತಿ, ಅಂದರೆ ನನ್ನ ಎರಡನೇ ಅಕ್ಕ ಫಲೇಸಿ, ನಗಲಿಲ್ಲ. ಕಲ್ಲನ್ನು ಮೆರಿಫಾಳ ಕೈಯಿಂದ ಇಸಕೊಂಡು ಮತ್ತೆ ಚೀಲಕ್ಕೆ ಹಾಕಿದಳು.

ನಮ್ಮಲ್ಲಿ ನೆಲ ಹೆಣ್ಣುಮಕ್ಕಳದು. ಮದುವೆಯಾದ ಗಂಡು ಹೆಂಡತಿಯ ಊರಿಗೆ ಬಂದು ಅವಳ ನೆಲ ಅಗೆದು ಉಣ್ಣುತ್ತಾನೆ. ಮನೆಯಳಿಯ ಅಂದರೆ ಕೋಳಿ ಇದ್ದ ಹಾಗೆ, ಕೆದಕೋದು ಅದರ ಕೆಲಸ, ಅಂಗಳ ಅದರದಲ್ಲ ಅಂತ ಆಡಿಕೊಳ್ಳುತ್ತೇವೆ. ಅಮ್ಮ ಸತ್ತ ಮೇಲೆ ಅವಳ ಇಳಿಜಾರು ನೆಲವನ್ನು ನಮ್ಮ ಸೋದರಮಾವ ಬೊಕೋಸಿ ಮೂರು ಪಾಲು ಮಾಡಿದ್ದರು. ಕೆಳಗೆ ಹಳ್ಳಕ್ಕೆ ತಾಗಿದ ಒಳ್ಳೆಯ ಪಾಲು ಮೆರಿಫಾಗೆ, ಮನೆ ಪಕ್ಕದ್ದು ನನಗೆ, ನಡುವಿನದು ಫಲೇಸಿಗೆ. ಆ ನಡುವಿನ ಪಾಲು ಕೆಂಪಗೆ ಬೋಳಾಗಿ, ಒಲೆಯ ನೆಲದ ಹಾಗೆ ಗಟ್ಟಿಯಾಗಿತ್ತು. ಮಳೆ ಬಿದ್ದರೆ ನೀರೆಲ್ಲ ಅಲ್ಲಿಂದ ಜಾರಿ, ಇದ್ದಬದ್ದ ಮಣ್ಣನ್ನೂ ಹೊತ್ತುಕೊಂಡು ಮೆರಿಫಾಳ ಹೊಲಕ್ಕೆ ಹೋಗುತ್ತಿತ್ತು.

ಮಾರನೇ ದಿನವೇ ಭಾವ ಎರಡು ಕೋಲನ್ನು ನೆತ್ತಿಯಲ್ಲಿ ಸೇರಿಸಿ ಕಾಲಿನ ಹಾಗೆ ಅಗಲಿಸಿ, ಮೂರನೆಯದನ್ನು ನಡುವೆ ಅಡ್ಡ ಕಟ್ಟಿ, ನೆತ್ತಿಯಿಂದ ಹುರಿ ಇಳಿಬಿಟ್ಟು, ತುದಿಗೆ ಕಲ್ಲು ಕಟ್ಟಿದ. ಅದನ್ನು ಒಂದೊಂದೇ ಕಾಲು ಎತ್ತಿ ಇಡುತ್ತಾ ಇಳಿಜಾರಿಗೆ ಅಡ್ಡಲಾಗಿ ನಡೆಸುತ್ತಿದ್ದ. ಹುರಿ ಅಡ್ಡಕೋಲಿನ ಸರಿಯಾಗಿ ನಡುವಿಗೆ ನಿಂತ ಕಡೆ ಎರಡೂ ಕಾಲು ಒಂದೇ ಮಟ್ಟ ಅಂತ ಲೆಕ್ಕ. ಅಲ್ಲೊಂದು ಗೂಟ. ಹಾಗೆ ಗೂಟದಿಂದ ಗೂಟಕ್ಕೆ ಕಾಲುವೆ ತೋಡಿದ. ಕಾಲುವೆ ಎಲ್ಲಿಗೂ ಹೋಗುತ್ತಿರಲಿಲ್ಲ. ಎರಡೂ ತುದಿ ಮುಚ್ಚಿತ್ತು.

"ಭಾವ, ನೀರು ಎಲ್ಲಿಗೆ ಹೋಗ್ಬೇಕು ಇದ್ರಲ್ಲಿ?" ಅಂತ ಕೇಳಿದೆ.

"ಎಲ್ಲಿಗೂ ಹೋಗ್ಬಾರದು, ಎನೆಲೆಸಿ. ನಮ್ಮನೇಲೇ ಕೂತು, ನಮ್ಮನೇಲೇ ಇಂಗ್ಬೇಕು."

"ಅಂದ್ರೆ ನಿನ್ನ ಹಾಗೇ ಮನೆಯಳಿಯ ಅನ್ನು."

ಆ ದಿನ ಅವನು ಗುದ್ದಲಿ ಊರಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮೊದಲ ವರ್ಷ ಅವನು ಜೋಳದ ದಂಟು ಸುಡಲಿಲ್ಲ. ನಮ್ಮೂರಲ್ಲಿ ಕೊಯ್ಲಾದ ಮೇಲೆ ಹೊಲಕ್ಕೆ ಬೆಂಕಿ ಇಟ್ಟು ಇಲಿ ಹಿಡಿಯುತ್ತಾರೆ. ಸುಟ್ಟ ಇಲಿಯನ್ನು ಕಡ್ಡಿಗೆ ಸಿಕ್ಕಿಸಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಭಾವ ಹೊಲದ ಬದಿಯಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು ವಾಪಸ್ಸು ಕಳಿಸಿದ. ದಂಟು, ಎಲೆ, ಹುಲ್ಲು, ಸಿಕ್ಕಿದ್ದನ್ನೆಲ್ಲ ನೆಲಕ್ಕೆ ಹೊದಿಸಿದ. ಬೇರೆಯವರು ಗುಡಿಸಿ ಎಸೆದ ಕಸವನ್ನೂ ಹೊತ್ತು ತಂದ. ಸರ್ಕಾರಿ ಗೊಬ್ಬರದ ಚೀಟಿ ಹಂಚುವಾಗ ನಮ್ಮ ಮಾವ ಅವನ ಹೆಸರು ಬಿಟ್ಟರು. "ನಿಂಗೆ ಯಾಕಯ್ಯಾ ಗೊಬ್ಬರ? ನೀನು ಕಸ ತಿಂದು ಬದುಕೋನು."

ಆ ವರ್ಷ ಅವನ ಜೋಳ ಮೊಣಕಾಲೆತ್ತರಕ್ಕೆ ಹಳದಿಯಾಗಿ ನಿಂತುಬಿಟ್ಟಿತು. ಗೆದ್ದಲು ಬಂತು. ಒಂದು ಹಾವೂ ಬಂತು. ಜನವರಿ, ಫೆಬ್ರವರಿಯ ಹಸಿವಿನ ತಿಂಗಳಲ್ಲಿ ಫಲೇಸಿ ನನ್ನ ಮನೆಗೆ ಬಂದು, ಬಟ್ಟಲು ಮುಂದಕ್ಕೆ ಚಾಚಲಾರದೆ, ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಮಗಳು ಅಲಿನಾಫೆಗೆ ಆಗ ಎರಡು ವರ್ಷ. ನಾನು ಹಿಟ್ಟು ಕೊಟ್ಟೆ. ಕೊಡುವಾಗ, "ನಿನ್ನ ಗಂಡ ಎಲೆ ಬಡಿಸಲ್ವಾ?" ಅಂದೆ. ಈ ಮಾತು ನೆನಪಾದರೆ ಈಗಲೂ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡನೇ ವರ್ಷವೂ ಅಷ್ಟಕ್ಕಷ್ಟೆ. ಮೂರನೇ ವರ್ಷ ನನ್ನ ಗಂಡ ಲಿಂಬೆ ಪೇಟೆಯಲ್ಲಿ ಬೇರೆಯವಳ ಜೊತೆ ಸಂಸಾರ ಹೂಡಿದ. ನಾನೂ ನನ್ನ ಗುದ್ದಲಿಯೂ ಉಳಿದೆವು. ಮಕ್ಕಳಾಗಿರಲಿಲ್ಲ. ಆ ಜೂನ್‌ನಲ್ಲಿ, ಬೆಟ್ಟದಿಂದ ಚಳಿಮಳೆ ಜಿನುಗುತ್ತಿದ್ದಾಗ, ಸೌದೆ ತರಲು ಹೋಗುತ್ತಾ ಫಲೇಸಿಯ ಹೊಲದಲ್ಲಿ ಕಾಲಿಟ್ಟೆ. ಕಾಲು ಒಳಕ್ಕೆ ಹೋಯಿತು. ಆ ನೆಲ ನನಗೆ ಗೊತ್ತು. ಚಿಕ್ಕವಳಿದ್ದಾಗ ಅಲ್ಲಿ ಬಿದ್ದು ಹಲ್ಲು ಮುರಿದುಕೊಂಡವಳು ನಾನು. ಬಗ್ಗಿ ಹೊದಿಕೆ ಸರಿಸಿದೆ. ಕೆಳಗೆ ಮಣ್ಣು ಕಪ್ಪಗೆ, ಒದ್ದೆಯಾಗಿತ್ತು. ಎರೆಹುಳ ಕೈಬೆರಳಿಗೆ ಸುತ್ತಿಕೊಂಡಿತು. ಮೂಗಿನ ಹತ್ತಿರ ಹಿಡಿದರೆ ಅಣಬೆಯ ವಾಸನೆ.

ಭಾವ ಬಾಳೆಗುಂಡಿಯ ಪಕ್ಕ ಕೂತು ನನ್ನನ್ನು ನೋಡುತ್ತಿದ್ದ. ನಾನೇ ಕೇಳಿದೆ. "ನಂಗೂ ಹೇಳ್ಕೊಡ್ತೀಯಾ, ಭಾವ?"

"ಆಡ್ಕೊಳ್ಳೋದು ಬಿಡ್ತೀಯಾ?"

"ಅದು ಬಿಡಕ್ಕಾಗಲ್ಲ."

"ಸರಿ ಹಾಗಾದ್ರೆ. ಗುದ್ದಲಿ ಅಲ್ಲಿಡು. ಮೊದಲ ತಿಂಗಳು ಗುದ್ದಲಿ ಮುಟ್ಟೋ ಹಾಗಿಲ್ಲ. ಬರೀ ನೋಡು."

ಒಂದು ತಿಂಗಳು ನೋಡಿದೆ. ಮಳೆ ಬಂದಾಗ ಕೊಡೆಯಿಲ್ಲದೆ ಹೊಲದಲ್ಲಿ ನಿಲ್ಲಿಸಿ, ನೀರು ಎಲ್ಲಿಂದ ಬರುತ್ತೆ, ಎಲ್ಲಿ ತಡೆಯುತ್ತೆ, ಹೇಳು ಅನ್ನುತ್ತಿದ್ದ. ತಪ್ಪು ಹೇಳಿದರೆ ಇನ್ನೂ ನಿಲ್ಲಬೇಕು. ಆಮೇಲೆ ಒಂದೊಂದಾಗಿ ಕಲಿತೆ. ತೊಗರಿ ಬೇರು ಗಟ್ಟಿ ನೆಲ ಸೀಳುತ್ತದೆ. ಗೊಬ್ಬರದ ಗಿಡವನ್ನು ಮಳೆಗೆ ಮುಂಚೆ ಕತ್ತರಿಸಿ ಸೊಪ್ಪು ಹಾಸಬೇಕು. ಕುಂಬಳದ ಬಳ್ಳಿಯನ್ನು ಜೋಳದ ಬುಡಕ್ಕೆ ಹಬ್ಬಿಸಿದರೆ ಕಳೆ ಏಳುವುದಿಲ್ಲ. ಪಾತ್ರೆ ತೊಳೆದ ನೀರು ಬಾಳೆಗುಂಡಿಗೆ, ಬಾಳೆಯ ನೆರಳು ಕೆಸುವಿಗೆ. ನುಗ್ಗೆ ಎಷ್ಟು ಕಡಿದರೂ ಬರುತ್ತದೆ, ಪಪ್ಪಾಯಿ ಕಡಿದರೆ ಸಾಯುತ್ತದೆ. ಭಾವ ಇದನ್ನೆಲ್ಲ ಪಾಠದ ಹಾಗೆ ಹೇಳುತ್ತಿರಲಿಲ್ಲ. ಕೆಲಸ ಮಾಡುತ್ತಾ, ಅರ್ಧ ಗಿಡದ ಜೊತೆ, ಅರ್ಧ ನನ್ನ ಜೊತೆ ಮಾತಾಡುತ್ತಿದ್ದ. ಫಲೇಸಿ ಮಧ್ಯಾಹ್ನ ನ್ಸೀಮಾ ಮುದ್ದೆ, ಕುಂಬಳದ ಸೊಪ್ಪಿನ ಪಲ್ಯ ತರುತ್ತಿದ್ದಳು. ಮೂವರೂ ಒಂದೇ ತಟ್ಟೆಯಿಂದ ತಿನ್ನುತ್ತಿದ್ದೆವು.

ಐದನೇ ವರ್ಷ ಮಳೆ ಜನವರಿಯ ನಡುವೆ ಮೂರು ವಾರ ನಿಂತುಹೋಯಿತು. ಊರಿನ ಜೋಳ ತೆನೆ ಕಟ್ಟುವ ಹೊತ್ತಿಗೆ ಸುರುಟಿತು. ಫಲೇಸಿಯ ಹೊಲ ಹಸಿರಾಗಿಯೇ ಇತ್ತು. ಮರಗೆಣಸು, ಬಾಳೆ, ದಂಟಿನ ಸೊಪ್ಪು, ಒಣಗಿಸಿಟ್ಟ ತೊಗರಿ. ಜನ ಬಟ್ಟಲು ಹಿಡಿದು ಬಂದರು. ಭಾವ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಆದರೆ ಕೊಡುವಾಗ ಪ್ರತಿಯೊಬ್ಬರಿಗೂ, "ಮುಂದಿನ ವರ್ಷ ದಂಟು ಸುಡಬೇಡಿ, ನಾನೇ ಬಂದು ಕಾಲುವೆ ತೋಡ್ಕೊಡ್ತೀನಿ" ಅನ್ನುತ್ತಿದ್ದ. ತಲೆಯಾಡಿಸಿ ಹೋದವರಲ್ಲಿ ಇಬ್ಬರು ಮಾತ್ರ ಕರೆದರು. ಉಳಿದವರು ಬೇರೆ ಮಾತು ಶುರುಮಾಡಿದರು. ಎಲ್ಲರ ಹೊಲವೂ ಒಣಗಿ ಒಬ್ಬನದು ಮಾತ್ರ ಹಸಿರಾಗಿದ್ದರೆ ಅದು ಬರೀ ಎಲೆಯಿಂದ ಆಗುತ್ತದೆಯೇ? ಮಾಟದ ಮದ್ದು ಹೂತಿರಬೇಕು. ಅಂಥ ಮದ್ದಿಗೆ ಬೆಲೆ ಇರುತ್ತದೆ. ಮನೆಯವರಲ್ಲೇ ಒಬ್ಬರನ್ನು ಕೊಡಬೇಕಾಗುತ್ತದೆ.

ಮೆರಿಫಾ ಇದನ್ನು ನನ್ನ ಕಿವಿಯಲ್ಲಿ ಹೇಳಿದಾಗ ಬೈದು ಕಳಿಸಿದೆ. "ಆ ಹೊಲದಲ್ಲಿ ನಾನೂ ಹೂತಿದೀನಿ. ಸೆಗಣಿ ಹೂತಿದೀನಿ. ಬೇಕಾದ್ರೆ ಬಂದು ಅಗೆದು ನೋಡು."

ಏಳನೇ ವರ್ಷದ ಮಳೆಗಾಲದಲ್ಲಿ ಫಲೇಸಿಗೆ ಜ್ವರ ಬಂತು. ಎಲ್ಲರಿಗೂ ಬರುವ ಜ್ವರವೇ. ಮೊದಲ ದಿನ ಎದ್ದು ಅಡುಗೆ ಮಾಡಿದಳು. ಮೂರನೇ ದಿನ ಮಾತು ತಡವರಿಸಿತು. ಭಾವ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ ತನ್ನ ಬೆನ್ನಿಗೆ ಚಿತೆಂಜೆ ಬಟ್ಟೆಯಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟ. ನಾನು ಹಿಂದೆ ಓಡಿದೆ. ಸೇತುವೆ ಹತ್ತಿರ ನೀರು ಏರಿತ್ತು; ಇಳಿಯುವ ತನಕ ಕಾದೆವು. ಆಸ್ಪತ್ರೆ ತಲುಪಿದಾಗ ಅವಳಿಗೆ ನಮ್ಮ ಗುರುತು ಇರಲಿಲ್ಲ. ಸಂಜೆಯೊಳಗೆ ಹೋದಳು. ಮೂವತ್ತೊಂದು ವರ್ಷ.

ಹೂತು ಬಂದ ದಿನ ಭಾವನ ಪಕ್ಕ ಗಂಡಸರು ಯಾರೂ ಕೂರಲಿಲ್ಲ. ಬೊಕೋಸಿ ಮಾವ ಬಂದು ಐದು ನಿಮಿಷ ಕೂತು, ಎದ್ದು ಹೋದರು. ನಮ್ಮ ಅಂಗಳದ ಒಲೆಗೆ ಸೌದೆ ಸಾಲದೆ ಬಂದಾಗ ಯಾರೋ ಹೋಗಿ ಅವನ ಗೊಬ್ಬರದ ಗಿಡಗಳನ್ನು ಬುಡಕ್ಕೆ ಕಡಿದು ತಂದರು. ಅವನು ನೋಡಿದ.

ಸೂತಕ ಕಳೆದು ತಲೆ ಬೋಳಿಸುವ ದಿನ ಅವನ ಕಡೆಯಿಂದ ಅವನ ಸೋದರಮಾವ ಬಂದ. ಹೆಂಡತಿ ಸತ್ತ ಮೇಲೆ ಮನೆಯಳಿಯ ತನ್ನ ತಾಯಿಯ ಊರಿಗೆ ವಾಪಸ್ಸು ಹೋಗಬೇಕು, ಮಕ್ಕಳು ನಮ್ಮಲ್ಲೇ ಉಳಿಯಬೇಕು. ಅದು ಎಲ್ಲರಿಗೂ ಗೊತ್ತು. ಅದಕ್ಕೆ ಸಭೆ ಬೇಕಾಗಿರಲಿಲ್ಲ. ಆದರೆ ಭಾವ ಮಾತಾಡಬೇಕು ಅಂದ. ಮಾವಿನ ಮರದ ಕೆಳಗೆ ಚಾಪೆ ಹಾಸಿದರು.

"ಮಾವ, ಇಷ್ಟು ವರ್ಷದಲ್ಲಿ ನಾನು ಈ ಊರಲ್ಲಿ ಯಾರಿಗೂ ಕೆಟ್ಟದ್ದು ಮಾಡಿಲ್ಲ," ಅಂದ. ಬೋಳಿಸಿದ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. "ನಂಗೆ ನೆಲ ಬೇಡ. ಹೊಲದ ಮೂಲೇಲಿ ಒಂದು ಗುಡಿಸಲು ಹಾಕ್ಕೊಂಡು ಇರ್ತೀನಿ. ಬೆಳೆದಿದ್ದೆಲ್ಲ ಮಗಳಿಗೆ, ನಿಮಗೆ. ಮೇಲಿನ ಕಾಲುವೆ ಇನ್ನೂ ಕೂತಿಲ್ಲ. ಇನ್ನು ಮೂರು ವರ್ಷ ಬಿಟ್ಬಿಡಿ ಸಾಕು."

ಬೊಕೋಸಿ ಮಾವ ನೆಲ ನೋಡುತ್ತಾ ಕೂತಿದ್ದರು. ಅವರು ಕೆಟ್ಟವರಲ್ಲ. "ನೀನು ಒಳ್ಳೆಯವನೇ, ನೆಡ್ಸನ್. ಕಷ್ಟ ಇರೋದೇ ಅಲ್ಲಿ. ಒಳ್ಳೆಯವನು ಅಂತ ನಿನ್ನ ಇಟ್ಕೊಂಡ್ರೆ ನಾಳೆ ಕೆಟ್ಟವನನ್ನ ಏನಂತ ಕಳಿಸ್ಲಿ?"

ಯಾರೋ ಹಿಂದಿನಿಂದ, "ಒಳ್ಳೆಯವನಂತೆ! ಹೆಂಡ್ತೀನ ಯಾವ ಗಿಡದ ಬುಡಕ್ಕೆ ಹಾಕ್ದ ಅಂತ ಕೇಳಿ," ಅಂದರು. ಮಾವ ಕೈಯೆತ್ತಿ ಸುಮ್ಮನಾಗಿಸಿದರು.

ಆಮೇಲೆ ನನ್ನ ಕಡೆ ತಿರುಗಿದರು. "ಒಂದು ದಾರಿ ಇದೆ. ಹಿಂದೆಲ್ಲ ಅಕ್ಕ ಸತ್ತರೆ ತಂಗೀನ ಕೊಡ್ತಿದ್ರು. ಎನೆಲೆಸಿಗೆ ಗಂಡ ಇಲ್ಲ. ಕೆಲಸಾನೂ ಇಬ್ಬರೂ ಒಟ್ಟಿಗೇ ಮಾಡ್ತೀರಿ. ಅವಳು ಹೂಂ ಅಂದ್ರೆ ನೀನು ಈ ಮನೆ ಅಳಿಯನಾಗೇ ಇರ್ತೀಯ. ಏನಮ್ಮಾ?"

ನಾನು ಭಾವನನ್ನು ನೋಡಲಿಲ್ಲ. ಅವನು ನನ್ನನ್ನು ನೋಡುತ್ತಿದ್ದಾನೆ ಅಂತ ಮಾತ್ರ ಗೊತ್ತಾಗುತ್ತಿತ್ತು. ಅವನಿಗೆ ನನ್ನ ಮೇಲೆ ಆಸೆ ಇರಲಿಲ್ಲ, ನನಗೂ ಅವನ ಮೇಲೆ ಇರಲಿಲ್ಲ. ಒಂದು ಹೂಂ ಅಂದು, ಎರಡು ಚಾಪೆ ಬೇರೆ ಬೇರೆ ಹಾಸಿಕೊಂಡು ಬದುಕಬಹುದಿತ್ತು. ಅದು ನಮಗಿಬ್ಬರಿಗೂ ಅರ್ಥವಾಗಿತ್ತು. ಮದ್ದಿನ ಮಾತನ್ನು ನಾನು ನಂಬಿದವಳಲ್ಲ. ಆದರೆ ಅಷ್ಟು ಜನರ ಕಣ್ಣು ಮೈಮೇಲೆ ಬಿದ್ದಾಗ, ಮುಂದಿನ ಸಲ ಜ್ವರ ಬಂದರೆ ಅದು ನನಗೇ ಅನ್ನಿಸಿಬಿಟ್ಟಿತು. ಇನ್ನೊಂದೂ ಅನ್ನಿಸಿತು, ಅದನ್ನು ಹೇಳಿಬಿಡುತ್ತೇನೆ. ಇವನು ಹೋದರೆ ಆ ಕಪ್ಪು ಮಣ್ಣು ನನ್ನ ಪಾಲಿಗೆ ಬರುತ್ತದೆ. ಮಗು ನನ್ನ ಮಡಿಲಲ್ಲಿದೆ. ಕೆಲಸ ನನಗೆ ಬರುತ್ತದೆ. ಇವನು ಯಾಕೆ ಬೇಕು?

"ನಂಗೆ ಬೇಡ," ಅಂದೆ.

ಹೆಂಗಸರು ಕಿಸಕ್ಕನೆ ನಕ್ಕರು. ಭಾವ ಎದ್ದು, ಎರಡೂ ಕೈ ಮೆಲ್ಲಗೆ ತಟ್ಟಿ ಹಿರಿಯರಿಗೆ ನಮಸ್ಕಾರ ಮಾಡಿದ.

ಮರುದಿನ ಬೆಳಿಗ್ಗೆ ಹೊರಟ. ಅಲಿನಾಫೆಗೆ ಎಂಟು ತುಂಬಿತ್ತು. ಅವಳು ಅವನ ಸೈಕಲ್ಲಿನ ಚಕ್ರ ಹಿಡಿದುಕೊಂಡು ಬಿಡಲಿಲ್ಲ. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಭಾವ ನನಗೆ ಹೇಳಿದ್ದು ಇಷ್ಟೆ: "ಅಕ್ಟೋಬರ್‌ನಲ್ಲಿ ಹೊಲದ ಸುತ್ತ ನಾಲ್ಕು ಮಾರು ಅಗಲ ಹೊದಿಕೆ ತೆಗೆದು ಬರಿನೆಲ ಮಾಡು. ಬೆಂಕಿ ಬಂದ್ರೆ ಹೊದಿಕೆ ಬತ್ತಿ ಹಾಗೆ ಉರಿಯುತ್ತೆ."

ನೆಲ ನನಗೇ ಬಂತು. ಒಂದು ವರ್ಷ ಅಂತ ಮಾವ ಹೇಳಿದರು, ಹೇಗೆ ನೋಡಿಕೊಳ್ಳುತ್ತೀಯೋ ನೋಡೋಣ ಅಂದರು. ನನ್ನ ಹೊಲ, ಫಲೇಸಿಯ ಹೊಲ, ಮಗು, ನೀರು, ಸೌದೆ. ಇಬ್ಬರ ಕೈಯಲ್ಲಿ ಹಗುರವಾಗಿದ್ದ ಕೆಲಸ ಒಬ್ಬಳ ಕೈಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಮೆರಿಫಾಳ ಮೇಕೆಗಳು ಬಂದು ತೊಗರಿ ಮೇಯ್ದವು. "ಮೇಕೆಗೇನು ಗೊತ್ತು ಕಣೆ, ನೋಡೋಕೆ ಕಾಡಿನ ಹಾಗಿದೆ," ಅಂದಳು. ಮಾವನ ಮಕ್ಕಳು ಹೊಗೆಸೊಪ್ಪಿನ ಚಪ್ಪರಕ್ಕೆ ಕಂಬ ಬೇಕು ಅಂತ ನೆರಳಿನ ಮರ ಕಡಿದರು. ಕೇಳಿದ್ದಕ್ಕೆ, ನೆಟ್ಟವನು ಯಾರು, ನೀನಾ, ಅಂತ ತಿರುಗಿ ಕೇಳಿದರು. ನೆಟ್ಟವಳು ನಾನೂ ಹೌದು.

ಅಕ್ಟೋಬರ್‌ನಲ್ಲಿ ಸುತ್ತ ಬರಿನೆಲ ಮಾಡಲು ಶುರುಮಾಡಿದೆ. ಮೂರು ಬದಿ ಮುಗಿದಿತ್ತು. ನಾಲ್ಕನೆಯದು ಮೆರಿಫಾಳ ಕಡೆಯದು. ಆ ವಾರ ಅಲಿನಾಫೆಗೆ ಭೇದಿ ಹಿಡಿದು ನಾನು ಮನೆ ಬಿಟ್ಟು ಏಳಲಿಲ್ಲ. ಶನಿವಾರ ಮಧ್ಯಾಹ್ನ ಇಲಿ ಹಿಡಿಯುವವರು ಕೆಳಗಿನ ಹೊಲಕ್ಕೆ ಬೆಂಕಿ ಇಟ್ಟರು. ಗಾಳಿ ಮೇಲ್ಮುಖವಾಗಿತ್ತು.

ನಾನು ಕೊಡ ಹಿಡಿದು ಓಡಿದಾಗ ಹೊದಿಕೆ ಉರಿಯುತ್ತಿರಲಿಲ್ಲ, ಒಳಗೊಳಗೇ ಕೆಂಪಗೆ ಹರಿದಾಡುತ್ತಿತ್ತು. ಎಂಟು ವರ್ಷದ ಎಲೆ. ಬೇರೆಯವರ ಹೊಲದ ಬೆಂಕಿ ಅರ್ಧ ಗಂಟೆಯಲ್ಲಿ ಆರಿತು. ನಮ್ಮದು ಮೂರು ದಿನ ಹೊಗೆಯಾಡಿತು. ಬಾಳೆ ಬೆಂದು ಬಾಗಿತು. ಪಪ್ಪಾಯಿ ನಿಂತಲ್ಲೇ ಕಪ್ಪಾಯಿತು. ಇಲಿ ಹಿಡಿಯಲು ಬಂದವರಿಗೆ ಅವತ್ತು ಒಳ್ಳೆಯ ಬೇಟೆ. "ನಿಮ್ಮ ಹೊಲದ ಇಲಿ ಎಷ್ಟು ಕೊಬ್ಬಿದಾವೆ ಅಕ್ಕಾ!" ಅಂತ ಒಬ್ಬ ನನಗೂ ಎರಡು ಕೊಡಲು ಬಂದ. ನಾನು ಇಸಕೊಂಡೆ. ಮಗುವಿಗೆ ಪಲ್ಯಕ್ಕೆ ಏನೂ ಇರಲಿಲ್ಲ.

ಡಿಸೆಂಬರ್ ಮಳೆ ಒಂದೇ ರಾತ್ರಿ ಸುರಿಯಿತು. ಬೇರು ಸತ್ತ ಮಣ್ಣು ನೀರು ಹಿಡಿಯಲಿಲ್ಲ. ಮೇಲಿನ ಕಾಲುವೆ ತುಂಬಿ ನಡುವೆ ಒಡೆಯಿತು. ಅದರ ನೀರು ಎರಡನೆಯದನ್ನು, ಎರಡರ ನೀರು ಸೇರಿ ಮೂರನೆಯದನ್ನು ಒಡೆಯಿತು. ಬೆಳಿಗ್ಗೆ ನೋಡಿದರೆ ಹೊಲದ ಉದ್ದಕ್ಕೂ ನನ್ನ ಸೊಂಟದಾಳದ ಕೊರಕಲು. ಕಪ್ಪು ಮಣ್ಣು ಕೆಳಗೆ ಮೆರಿಫಾಳ ಹೊಲದಲ್ಲಿ ಹರಡಿಕೊಂಡಿತ್ತು. ಕಾಲುವೆ ಇಲ್ಲದಿದ್ದರೆ ಇಷ್ಟು ದೊಡ್ಡ ಕೊರಕಲು ಬೀಳುತ್ತಿರಲಿಲ್ಲ ಅಂದರು ನೋಡಿದವರೆಲ್ಲ. ಅದು ನಿಜವೂ ಹೌದು.

ನಾನು ಭಾವನನ್ನು ಹುಡುಕಿಕೊಂಡು ಹೋದೆ. ಅವನ ತಾಯಿಯ ಊರು ಫಲೊಂಬೆ ಕಡೆ, ಅರ್ಧ ದಿನದ ನಡಿಗೆ. ಅವನ ತಂಗಿ ಬಾಗಿಲಲ್ಲೇ ನಿಂತು ಮಾತಾಡಿದಳು. "ಅಣ್ಣ ಹೊಲಕ್ಕೆ ಬರಲ್ಲ. ನಾವೂ ಕರೆಯಲ್ಲ, ಇರೋದೇ ನಮಗೆ ಸಾಲದು. ಇಟ್ಟಿಗೆ ಸುಡೋ ಕಡೆ ಇದಾನೆ ನೋಡಿ."

ನದಿ ಪಕ್ಕದ ಬಯಲಲ್ಲಿ ಮನೆಯೆತ್ತರದ ಗೂಡು ಹೊತ್ತಿ ಉರಿಯುತ್ತಿತ್ತು. ಭಾವ ಅದರ ಬಾಯಿಗೆ ದಿಮ್ಮಿ ತುರುಕುತ್ತಿದ್ದ. ಮಾವಿನ ದಿಮ್ಮಿ. ಹುಬ್ಬು ಸುಟ್ಟುಹೋಗಿ ಮುಖ ಬೇರೆಯವನದಾಗಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಅಲಿನಾಫೆ?"

"ಚೆನ್ನಾಗಿದಾಳೆ. ಉದ್ದ ಆಗಿದಾಳೆ."

"ಊಟ?"

"ಮಾಡ್ತಾಳೆ," ಅಂದೆ. ಅವನು ನನ್ನ ಕೈಮೂಳೆ ನೋಡಿದ.

ಬೆಂಕಿಯ ವಿಷಯ, ಕೊರಕಲಿನ ವಿಷಯ ಹೇಳಿದೆ. ನಾಲ್ಕನೇ ಬದಿಯ ವಿಷಯವನ್ನೂ ಹೇಳಿದೆ. ಅವನು ಬೈಯಲಿ ಅಂತ ಕಾದೆ. ಅವನು ಕಾಲಿನ ಹೆಬ್ಬೆರಳಿನಿಂದ ಬೂದಿಯಲ್ಲಿ ಒಂದು ಗೆರೆ ಎಳೆದ, ಅದಕ್ಕೆ ಅಡ್ಡವಾಗಿ ಇನ್ನೊಂದು. "ಕೊರಕಲನ್ನ ಕೆಳಗಿಂದ ಮುಚ್ಚೋಕೆ ಹೋಗ್ಬೇಡ. ತಲೆಯಿಂದ ಶುರುಮಾಡು. ಮೊದಲು ಕಲ್ಲು, ಅದರ ಹಿಂದೆ ಮುಳ್ಳು, ಆಮೇಲೆ ಲಾವಂಚ. ನೀರನ್ನ ನಿಲ್ಲಿಸ್ಬೇಡ, ಸುಸ್ತು ಮಾಡು." ಒಂದು ಗಳಿಗೆ ಅವನ ದನಿ ಹಳೆಯದೇ ಆಗಿತ್ತು. ನಾನು ಬಗ್ಗಿ ನೋಡುತ್ತಿದ್ದೆ.

"ನೀನು ಬಾ ಭಾವ. ಒಂದು ದಿನ. ನಿಂತು ತೋರಿಸು."

"ಯಾರಾಗಿ ಬರ್ಲಿ?"

ನಾನು ಬೂದಿಯ ಗೆರೆ ನೋಡಿದೆ.

"ತುಂಬೋಕೆ ಮೂರು ಮಳೆಗಾಲ ಬೇಕು," ಅಂದ. "ಅಷ್ಟರಲ್ಲಿ ನಿಮ್ಮ ಮಾವ ಆ ನೆಲ ಯಾರಿಗೆ ಕೊಡ್ತಾರೋ. ಕಲ್ಲು ಹೊತ್ತು ಬೆನ್ನು ಮುರ್ಕೋಬೇಡ." ಗೂಡಿನ ಯಜಮಾನ ಆಚೆಯಿಂದ ಕೂಗಿದ. ಭಾವ ಬೂದಿಯ ಗೆರೆ ತುಳಿದುಕೊಂಡೇ ಹೋಗಿ ಇನ್ನೊಂದು ದಿಮ್ಮಿಗೆ ಹೆಗಲು ಕೊಟ್ಟ. ಅವನು ಮತ್ತೆ ತಿರುಗಲಿಲ್ಲ.

ಊರಿಗೆ ಬಂದಾಗ ಫಲೇಸಿಯ ಹೊಲದಲ್ಲಿ ಜನ ಇದ್ದರು. ಬೊಕೋಸಿ ಮಾವ ಕೋಲೂರಿಕೊಂಡು ನಿಂತಿದ್ದರು. ಮೆರಿಫಾ, ಅವಳ ಗಂಡ, ಅವಳ ಹೆಣ್ಣುಮಕ್ಕಳು ಸಾಲಾಗಿ ನಿಂತು, ಉಳಿದ ಕಾಲುವೆಗಳನ್ನು ಮುಚ್ಚಿ, ನೀರು ಜಾರುವ ದಿಕ್ಕಿಗೇ, ಮೇಲಿಂದ ಕೆಳಕ್ಕೆ ನೇರವಾಗಿ, ಜೋಳಕ್ಕೆ ಮಣ್ಣಿನ ದಿಂಡು ಎಳೆಯುತ್ತಿದ್ದರು.

"ಬಾರಮ್ಮಾ," ಅಂದರು ಮಾವ. "ನಿನ್ನ ಕೈಲಾಗಲ್ಲ ಅಂತ ಎಲ್ಲರೂ ಕೈಜೋಡಿಸಿದೀವಿ. ಗೊಬ್ಬರದ ಚೀಟೀಲಿ ಈ ಸಲ ನಿನ್ನ ಹೆಸರು ಹಾಕ್ಸಿದೀನಿ. ನೆಲ ಅರ್ಧ ಮೆರಿಫಾಗೆ, ಅರ್ಧ ನಿಂಗೆ. ಏನಂತೀಯ?"

ಅಲಿನಾಫೆ ಹೊಲದ ಮೇಲ್ತುದಿಯಲ್ಲಿ ನೀರಿನ ಕೊಡ ಇಟ್ಟುಕೊಂಡು ಕೂತಿದ್ದಳು. ಅಪ್ಪ ಸಿಕ್ಕಿದನಾ ಅಂತ ಅವಳ ಕಣ್ಣು ಕೇಳಿತು. ಆಮೇಲೆ ಹೇಳುತ್ತೇನೆ ಅಂತ ಕೈಸನ್ನೆ ಮಾಡಿದೆ.

"ಆಗ್ಲಿ ಮಾವ," ಅಂದೆ.

ಮೆರಿಫಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ನಾನು ಚಿತೆಂಜೆಯನ್ನು ಸೊಂಟಕ್ಕೆ ಬಿಗಿದುಕೊಂಡು, ಗುದ್ದಲಿ ಇಸಕೊಂಡು, ಅವಳ ಸಾಲಿನ ಪಕ್ಕದಲ್ಲಿ ನನ್ನ ಸಾಲು ಹಿಡಿದೆ. ಸಂಜೆಯ ಮೋಡ ಬೆಟ್ಟದ ಮೇಲೆ ಇಳಿಯುತ್ತಿತ್ತು. ಮಳೆಗೆ ಮುಂಚೆ ಕೆಳಗಿನ ತುದಿ ಮುಟ್ಟಬೇಕು ಅಂತ ಎಲ್ಲರೂ ಬೇಗ ಬೇಗ ಅಗೆದೆವು.